ದಿನಕ್ಕೆ ಐದು

ಬೆಳಗಿನ ಬಾಂಗಿಗೆ ಇನ್ನೂ ಹೊತ್ತಿದೆ.
ಕೈರೋದ ಇಂಬಾಬಾ ಓಣಿಯ ಕಬ್ಬಿಣದ ಕಿಟಕಿಯ ಮುಂದೆ
ಹೆಂಗಸರದೊಂದು ಸಾಲು, ಗಂಡಸರದೊಂದು,
ನಡುವೆ ಯಾವ ಸಾಲಿಗೂ ಸೇರದ ಒಂದು ಬೆಕ್ಕು.
ಶೌಕಿಯಾಳ ಕೈಯಲ್ಲಿ ಖರ್ಜೂರದ ಕಡ್ಡಿ ಹೆಣೆದ ತಟ್ಟೆ,
ರೊಟ್ಟಿ ಬೆವೆತು ಮೆತ್ತಗಾಗದಂತೆ ಹರವಿಕೊಳ್ಳಲು.

ಕಿಟಕಿ ತೆರೆದಾಗ ಅವಳು ಕೇಳುವುದು ರೊಟ್ಟಿಯನ್ನಲ್ಲ.
‘ಐಶ್’ ಎನ್ನುತ್ತಾಳೆ.
ಐಶ್ ಅಂದರೆ ಜೀವ. ಬಾಳು. ಬದುಕಿರುವುದು.
ಅರಬ್ಬಿ ಆಡುವ ಬೇರೆ ಸೀಮೆಗಳಲ್ಲಿ ಇದು ಖುಬ್ಜ್,
ಒಲೆಯ ಮಾತು, ಬೇಯಿಸಿದ್ದು ಎಂಬ ಮಾತು.
ನೈಲಿನ ದಂಡೆಯವರು ಒಲೆಯ ಹತ್ತಿರ ನಿಲ್ಲಲೇ ಇಲ್ಲ,
ನೇರ ಜೀವಕ್ಕೇ ಕೈಯಿಟ್ಟರು.

ಯಾರು ಮೊದಲು ಅಂದರೋ.
ಬರಗಾಲದ ಯಾವಳೋ ತಾಯಿ ಇರಬೇಕು,
ತುತ್ತು ಮುರಿದು ಬಾಯಿಗಿಡುವಾಗ
ಏನಮ್ಮಾ ಇದು ಎಂದು ಮಗು ಕೇಳಿದ್ದಕ್ಕೆ
ಉದ್ದದ ಉತ್ತರಕ್ಕೆ ಉಸಿರು ಸಾಲದೆ ಹೇಳಿದ್ದು.
ಇದು ನನ್ನ ಊಹೆ. ನಿಘಂಟಿನಲ್ಲಿ ಅವಳಿಲ್ಲ.

ಶೌಕಿಯಾಳ ತಮ್ಮ ಬಸ್ಯೂನಿ
ಕುವೈತಿಗೆ ಗಾರೆ ಕೆಲಸಕ್ಕೆ ಹೋದವನು
ಮೊದಲ ಮಧ್ಯಾಹ್ನ ಹಸಿದು ‘ಐಶ್ ಕೊಡಿ’ ಎಂದ.
ತಂದಿಟ್ಟರು ತಟ್ಟೆ ತುಂಬ ಬಿಳಿ ಅನ್ನ.
ಕೊಲ್ಲಿಯವರ ನಾಲಿಗೆಯಲ್ಲಿ ಐಶ್ ಅಂದರೆ ಅಕ್ಕಿ,
ಸಮುದ್ರ ದಾಟಿ ಬಂದ ಕಾಳು.
‘ಅಕ್ಕಾ, ಇಲ್ಲಿ ಜೀವ ಚೂರುಚೂರಾಗಿದೆ,
ಬೆರಳಲ್ಲಿ ಒಟ್ಟುಮಾಡಿ ತಿನ್ನಬೇಕು’
ಎಂದು ಫೋನಿನಲ್ಲಿ ನಕ್ಕ.
ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಅದೇ ಪದ ಪಾರಸಿಯ ಬೆನ್ನೇರಿ
ದಖ್ಖಣದ ದರ್ಬಾರುಗಳಲ್ಲಿ ಇಳಿದು
ಆರಾಮದ ಕೈ ಹಿಡಿದು ನನ್ನ ಭಾಷೆಗೂ ಬಂದಿದೆ.
ಎಷ್ಟು ಕೊಬ್ಬಿದೆ ನೋಡಿ: ಐಷಾರಾಮ.
ಮುಳುಗಿಹೋಗುವ ಸೋಫಾ, ಮಲಗಿಕೊಂಡೇ ಹೋಗುವ ಬಸ್ಸು,
ಅವನಿಗೇನಪ್ಪ ಎಂಬ ಹೊಟ್ಟೆಕಿಚ್ಚು.
ನಾವು ಹೊಟ್ಟೆ ತುಂಬಿದ ಮೇಲೆ ಆಡುವ ಮಾತನ್ನು
ಇವಳು ಹಸಿದ ಸಾಲಿನಲ್ಲಿ ನಿಂತು ಆಡುತ್ತಾಳೆ.
ನಮ್ಮ ಅನ್ನವೋ, ಮೂಲ ಕೆದಕಿದರೆ,
‘ತಿಂದದ್ದು’ ಅಷ್ಟೇ.
ಉಂಡು ಕೈತೊಳೆದು ಎದ್ದವನು ಇಟ್ಟ ಹೆಸರು.

ಕಿಟಕಿಯೊಳಗೆ ರಾಗಬ್ ಕಾರ್ಡನ್ನು ಯಂತ್ರಕ್ಕೆ ಉಜ್ಜುತ್ತಾನೆ.
ತಲೆಗೆ ದಿನಕ್ಕೆ ಐದು. ಮನೆಯಲ್ಲಿ ಮೂವರು. ಹದಿನೈದು.
ಮೂವರಲ್ಲಿ ಒಬ್ಬ, ಫರ್ರಾಗ್,
ರೈಲು ಡಬ್ಬಿಗಳಿಗೆ ಬಣ್ಣ ಬಳಿಯುತ್ತಿದ್ದವನು.
ದುಡಿಮೆಗೂ ಇಲ್ಲಿ ‘ಐಶ್ ತಿನ್ನುವುದು’ ಎನ್ನುತ್ತಾರೆ,
ಮೂವತ್ತು ವರ್ಷ ತಿಂದ,
ಕೊನೆಗೆ ಬಣ್ಣ ಅವನ ಪುಪ್ಪುಸ ತಿಂದಿತು.
ಹೋದ ಚಳಿಗಾಲದ ಮಾತು.

ಕಾರ್ಡಿಗೆ ಅದಿನ್ನೂ ತಿಳಿದಿಲ್ಲ.
ದಿನಾ ಬೆಳಿಗ್ಗೆ ಸತ್ತವನ ಹೆಸರಿಗೆ ಐದು ಜೀವ
ತೌಡು ಮೆತ್ತಿಕೊಂಡು, ಬಿಸಿಯಾಗಿ, ಉಬ್ಬಿ ಬರುತ್ತವೆ.
ಕಚೇರಿಗೆ ಹೋಗಿ ಹೆಸರು ತೆಗೆಸಬೇಕು.
ಹೋಗುತ್ತಾಳೆ. ಭಾನುವಾರ. ಇಲ್ಲವೇ ಹಬ್ಬ ಕಳೆದ ಮೇಲೆ.
ರಾಗಬ್‌ಗೆ ಗೊತ್ತು. ಓಣಿಗೆಲ್ಲ ಗೊತ್ತು.
ಎಣಿಸುತ್ತಾ ಹತ್ತಕ್ಕೆ ಬಂದವನು
ಒಂದು ಗಳಿಗೆ ತಡೆದು,
ಅವಳ ಮುಖ ನೋಡದೆ,
ಹನ್ನೊಂದು ಎನ್ನುತ್ತಾನೆ.

ವಾಪಸು ಬರುವಾಗ ತಟ್ಟೆಯಿಂದ ಒಂದು ಜಾರಿ ಮಣ್ಣಿಗೆ ಬಿತ್ತು.
ಬಗ್ಗಿ ಎತ್ತಿದಳು.
ತುಟಿಗೆ ಒತ್ತಿ, ಹಣೆಗೆ ಮುಟ್ಟಿಸಿ,
ಯಾರ ಕಾಲಿಗೂ ಸಿಗದಂತೆ ಗೋಡೆಯ ಸಂದಿಯಲ್ಲಿಟ್ಟಳು.
ಹಕ್ಕಿ ತಿನ್ನಲಿ.
ಬಿದ್ದದ್ದು ಅವನ ಪಾಲಿನದೋ ತನ್ನದೋ
ಯೋಚಿಸುತ್ತಾ ನಿಲ್ಲಲಿಲ್ಲ.

ಮೂರನೆಯ ಮಹಡಿಯಿಂದ ಮಗಳು ಸಬಾಹ್
ಬುಟ್ಟಿಗೆ ಹಗ್ಗ ಕಟ್ಟಿ ಇಳಿಬಿಡುತ್ತಾ ಕೂಗಿದಳು:
ಐಶ್ ಬಂತೇನಮ್ಮಾ?

ಬಂತು, ಎಂದಳು.
ಹದಿನಾಲ್ಕು.